ನೋತಾಪ ಎಂಬ ಪದ ಇದೆಯೇ?

೧

ಎಲ್ಲಿಂದ ಶುರು ಮಾಡಲಿ? ಪದದಿಂದ ಶುರು ಮಾಡಿದರೆ ನೀವು ಪಾಠವೆಂದುಕೊಂಡು ಪುಟ ತಿರುಗಿಸುತ್ತೀರಿ. ಕಾಯಿಲೆಯಿಂದ ಶುರು ಮಾಡಿದರೆ, ನಿಮ್ಮ ಕಣ್ಣೀರಿಗೆ ಹೊಂಚು ಹಾಕಿ ಕೂತಿದ್ದೇನೆ ಅನ್ನುತ್ತೀರಿ. ಒಂದು ಕಾಗದದಿಂದ ಶುರು ಮಾಡುತ್ತೇನೆ. ಸೀಲು ಸಹಿ ಇರುವ ಕಾಗದದ ಮೇಲೆ ಅನುಮಾನ ಪಡುವುದು ಕಷ್ಟ. (ಸುಳ್ಳು. ಈ ಕಥೆಯಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಕಾಗದದ ಮೇಲೆಯೇ. ಈಗ ಶುರುವಾಗಿಬಿಟ್ಟಿದೆ, ಇರಲಿ.)

“ಮಾನ್ಯರೇ, ನಮ್ಮ ಆಸ್ಪತ್ರೆಯ ಲಾಂಡ್ರಿ ವಿಭಾಗದ ನೌಕರಳೊಬ್ಬಳು ತನ್ನನ್ನು ಹಬೆಕೋಣೆಯಿಂದ ಬಟ್ಟೆ ಮಡಿಸುವ ಮೇಜಿಗೆ ವರ್ಗಾಯಿಸುವಂತೆ ಅರ್ಜಿ ಕೊಟ್ಟಿರುತ್ತಾಳೆ. ‘ಕಾಯಿಲೆಯ ಹೆಸರು’ ಎಂಬಲ್ಲಿ ‘ನೋತಾಪ’ ಎಂದು ಬರೆದಿರುತ್ತಾಳೆ. ವೈದ್ಯರು ಇಂಥ ಪದ ಕೇಳಿಲ್ಲ. ತಮ್ಮ ವಿಜ್ಞಾನ ಪದಕೋಶದಲ್ಲಿದೆ ಎಂದು ಆಕೆಯ ವಾದ. ನೋತಾಪ ಎಂಬ ಪದ ಇದೆಯೇ? ಇದ್ದಲ್ಲಿ ಅದರ ಅರ್ಥವೇನು, ಮೂಲವೇನು? ತಿಂಗಳೊಳಗೆ ತಿಳಿಸತಕ್ಕದ್ದು. ತಪ್ಪಿದಲ್ಲಿ ಅರ್ಜಿಯನ್ನು ವಜಾ ಮಾಡಲಾಗುವುದು. — ಮೇಲ್ವಿಚಾರಕರು.”

ಪದಕೋಶದ ಕಚೇರಿಯಲ್ಲಿ ಮೂರನೆಯ ಮುದ್ರಣದ ಕೆಲಸ ನಡೆದಿತ್ತು. ಕಾಗದ ಬಂದು ಬಿದ್ದದ್ದು ಕರಡು ತಿದ್ದುವವಳ ಮೇಜಿಗೆ. ಕಚೇರಿಯಲ್ಲಿ ಅವಳ ಹೆಸರು ಕೊಂಬಮ್ಮ. ಅಕ್ಷರಕ್ಕೆ ಬಿಟ್ಟುಹೋದ ಕೊಂಬನ್ನು ಎಲ್ಲಿದ್ದರೂ ಹುಡುಕಿ ಹಚ್ಚುತ್ತಾಳೆ ಎಂದು ಎದುರಿಗೆ ಹೊಗಳುತ್ತಾರೆ. ‘ಅವಳಿಗೇನು ಎರಡು ಕೊಂಬಾ?’ ಎಂದು ಬೆನ್ನ ಹಿಂದೆ ಕೇಳುತ್ತಾರೆ. ಅವಳು ಕಾಗದವನ್ನು ಎರಡು ಸಲ ಓದಿದಳು. ನೌಕರಳ ಹೆಸರಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಬೆಳಗ್ಗೆ ಒಂದೇ ಬಾಗಿಲಿನಿಂದ ಇಬ್ಬರೂ ಕೆಲಸಕ್ಕೆ ಹೊರಟಿದ್ದರು. ಆ ನೌಕರಳು ಅವಳ ಒಡಹುಟ್ಟಿದ ಅಕ್ಕ.

೨

ಈ ಭಾಗ ಬರೆದು ಹರಿದು ಹಾಕಿದೆ. ಇಲ್ಲಿ ಅಕ್ಕನ ಬಾಲ್ಯವಿತ್ತು. ಚೆನ್ನಾಗಿಯೇ ಬಂದಿತ್ತು. ಅಕ್ಕನಿಗೆ ಓದಿ ಹೇಳಿದೆ.

“ಇದೆಲ್ಲ ಯಾಕೆ?” ಅಂದಳು.

“ಓದುವವರಿಗೆ ನಿಮ್ಮ ಮೇಲೆ ಕನಿಕರ ಬರಲಿ ಅಂತ.”

“ಕನಿಕರ ತಗೊಂಡು ಏನ್ ಮಾಡ್ಲಿ? ನನಗೆ ಬೇಕಾಗಿರೋದು ಮಡಿಸೋ ಮೇಜು. ಅದನ್ನ ಬರೀರಿ.”

೩

ಸರಿ. ಮಡಿಸುವ ಮೇಜು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಎರಡು ಕೋಣೆ. ಒಂದರಲ್ಲಿ ಹಬೆ. ಒದ್ದೆ ಹೊದಿಕೆಯನ್ನು ಕಾದ ಹಾಸಿನ ಮೇಲೆ ಹರವಿ, ಮೇಲಿನ ಮುಚ್ಚಳವನ್ನು ಹಿಡಿ ಹಿಡಿದು ಕೆಳಗೆಳೆದರೆ ಬುಸ್ಸೆಂದು ಹಬೆ ಎದ್ದು ಮುಖಕ್ಕೆ ಬಡಿಯುತ್ತದೆ. ಎಳೆ, ಎಣಿಸು, ಎತ್ತು. ದಿನಕ್ಕೆ ನಾನೂರು ಹೊದಿಕೆ. ಇನ್ನೊಂದು ಕೋಣೆಯಲ್ಲಿ ಉದ್ದನೆಯ ಮೇಜು, ಕಿಟಕಿ, ಫ್ಯಾನು. ಅಲ್ಲಿ ಬಟ್ಟೆ ಮಡಿಸಿ ಪೇರಿಸುತ್ತಾರೆ. ನಡುವೆ ಎರಡೂ ಕಡೆ ತೂಗುವ ಬಾಗಿಲು, ಅದರಲ್ಲಿ ತಟ್ಟೆಯಷ್ಟಗಲದ ಗಾಜು. ಅಕ್ಕ ಹಬೆಯ ಕಡೆ ಹನ್ನೊಂದು ವರ್ಷದಿಂದ ಇದ್ದಾಳೆ.

ಏಳು ತಿಂಗಳ ಹಿಂದೆ ಒಂದು ಸಂಜೆ ಅವಳು ಚಪ್ಪಲಿ ಬಿಡುತ್ತ, “ಮೈಯೆಲ್ಲ ಒಳಗಿಂದ ಉರೀತಿದೆ ಕಣೇ. ಮೂಳೆ ಮೂಳೆ ನೋವು” ಅಂದಳು. ತಂಗಿ ಥರ್ಮಾಮೀಟರ್ ಇಟ್ಟು ನೋಡಿದಳು. ಪಾದರಸ ಆರೋಗ್ಯವಂತರ ಗೆರೆಯ ಬಳಿ ತಣ್ಣಗೆ ಕೂತಿತ್ತು. ಮಾರನೆಯ ದಿನವೂ ಅಷ್ಟೆ. ಡಾಕ್ಟರು ಮೂರು ಸಲ ನೋಡಿ ಮೂರು ಸಲವೂ ‘ಜ್ವರವಿಲ್ಲ’ ಎಂದು ಬರೆದುಕೊಟ್ಟರು.

ಮೊದಲ ತಿಂಗಳು ತಂಗಿ ಅಕ್ಕನನ್ನು ನಂಬಿದಳು. ಎರಡನೆಯ ತಿಂಗಳು ನಂಬಲು ಪ್ರಯತ್ನಪಟ್ಟಳು. ಮೂರನೆಯ ತಿಂಗಳು ತಲೆಗೆ ಹುಳ ಹೊಕ್ಕಿತು. ಪಾತ್ರೆ ತೊಳೆಯುವ ಸರದಿ ಅಕ್ಕನದಾದ ದಿನವೇ ಉರಿ ಹೆಚ್ಚೇ? ಗೆಳತಿಯರು ಬಂದ ದಿನ ಕಡಿಮೆಯೇ? ಒಂದು ದಿನ ಅಕ್ಕ ಸ್ನಾನಕ್ಕೆ ಹೋದಾಗ ಥರ್ಮಾಮೀಟರನ್ನು ತನ್ನ ಕಂಕುಳಲ್ಲೇ ಇಟ್ಟು ನೋಡಿಕೊಂಡಳು.

(ಅನುಮಾನ ಥರ್ಮಾಮೀಟರಿನ ಮೇಲೋ, ಅಕ್ಕನ ಮೇಲೋ? ಕೇಳಿದೆ. ‘ಆ ಭಾಗ ಬರೆಯಲೇಬೇಕಾ?’ ಅಂದಳು ತಂಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.)

ಇನ್ನು ಪದ ಅಕ್ಕನ ಕೈಗೆ ಹೇಗೆ ಸಿಕ್ಕಿತು? ತಂಗಿಯೇ ಕೊಟ್ಟಳು. ಸಂಜೆ ಅವಳು ಪ್ರೂಫನ್ನು ಮನೆಗೆ ತರುತ್ತಾಳೆ. ಅವಳು ಗಟ್ಟಿಯಾಗಿ ಓದಬೇಕು, ಅಕ್ಕ ಎರಡನೆಯ ಮುದ್ರಣದ ಹಳೆಯ ಪುಟದ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಹಾಗೆ ಓದುವಾಗ ಅಕ್ಷರ ಮಾತ್ರವಲ್ಲ, ಚುಕ್ಕೆ, ಗೆರೆ, ಕಂಸ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ‘ನ’ಕಾರದ ಒಂದು ಪುಟದಲ್ಲಿ ಅಕ್ಕನ ಬೆರಳು ನಿಂತಿತು.

“ಇನ್ನೊಂದ್ಸಲ ಓದೇ.”

“ನೋತಾಪ. ನಾಮಪದ. ತಾಪಮಾಪಕಕ್ಕೆ ಸಿಗದೆ ವಸ್ತುವಿನೊಳಗೆ ಅಡಗಿರುವ ತಾಪ, ಚುಕ್ಕೆ. ಕರಗುವ ಮಂಜುಗಡ್ಡೆ ಎಷ್ಟು ಶಾಖ ಕುಡಿದರೂ ಮಾಪಕದ ಗೆರೆ ಏರದು, ಚುಕ್ಕೆ. ಕಂಸ. ನೋ, ಎಂದರೆ ನೋಯು, ಕೂಡಿಸು ತಾಪ. ಕಂಸ ಮುಗೀತು.”

ಅಕ್ಕ ಆ ಸಾಲಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. ಆಮೇಲೆ, “ನೋಡ್ದಾ? ಪುಸ್ತಕದಲ್ಲೇ ಇದೆ. ನನಗಿರೋದು ಇದೇ” ಅಂದಳು.

“ಅದು ಮಂಜುಗಡ್ಡೆಗೆ ಕಣೇ ಅಕ್ಕ.”

“ಹೂಂ. ಮಂಜುಗಡ್ಡೆ ಹೇಳಿದ್ರೆ ನಂಬ್ತಾರೆ. ನಾನು ಹೇಳಿದ್ರೆ ಥರ್ಮಾಮೀಟರ್ ತರ್ತಾರೆ.”

೩ (ಮತ್ತೊಮ್ಮೆ)

ಇಷ್ಟು ಓದಿ ನೀವು ಎದ್ದುಹೋಗಿ ಮನೆಯಲ್ಲಿರುವ ನಿಘಂಟು ತೆಗೆದಿರಬಹುದು. ನೋತಾಪ ಸಿಗಲಿಲ್ಲ, ಅಲ್ಲವೇ? ಸಿಗುವುದಿಲ್ಲ. ಅದು ನಾನು ಕಟ್ಟಿದ ಪದ. ಈಗ ನಿಮಗೆ ನನ್ನ ಮೇಲೂ ಅನುಮಾನ ಬಂದಿದೆ: ಪದವೇ ಸುಳ್ಳಾದರೆ ಹಬೆಕೋಣೆ ನಿಜವೇ, ಅಕ್ಕ ನಿಜವೇ? ಒಳ್ಳೆಯ ಪ್ರಶ್ನೆ. ಮೇಲ್ವಿಚಾರಕರೂ ಇದನ್ನೇ ಕೇಳಿರುವುದು.

೪

ಕಾಗದ ಬಂದ ದಿನ ತಂಗಿ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ನೋತಾಪ. ನೋತಾಪ. ಏನೋ ಎಡವುತ್ತಿತ್ತು.

ಕಿವಿ ಅಪ್ಪನಿಂದ ಬಂದದ್ದು. ಅಪ್ಪ ಬೆಳಗಾಗೆದ್ದು ಪದ್ಯ ಓದುತ್ತಿದ್ದರು. ಹೆಣ್ಣುಮಕ್ಕಳಿಬ್ಬರೂ ಹಾಸಿಗೆಯಲ್ಲೇ ಮಲಗಿ ಕೇಳಬೇಕು, ಕೇಳುತ್ತ ಕೇಳುತ್ತ ಏಳಬೇಕು. ‘ಎಲ್ಲಿ ಉಸಿರು ತೆಗೀತೀರೋ ಅಲ್ಲಿ ಅರ್ಥ ಇರತ್ತೆ’ ಅನ್ನುತ್ತಿದ್ದರು. ‘ಪಕ್ಕದ ಮನೆಯವನು ಕೊಡಲಿಲ್ಲ ಅಂದ. ಕೊಡಲಿ ಇಲ್ಲವೋ, ಕೊಡಲು ಮನಸ್ಸಿಲ್ಲವೋ? ಬಿಡಿಸಿ ಹೇಳಿ ನೋಡೋಣ.’ ಅಕ್ಕ ಯಾವಾಗಲೂ ಕೊಡಲಿ ಇಲ್ಲ ಅನ್ನುವಳು. ತಂಗಿ ಯಾವಾಗಲೂ ಮನಸ್ಸಿಲ್ಲ ಅನ್ನುವಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ನಂಬುವವಳೊಬ್ಬಳು, ಕೆದಕುವವಳೊಬ್ಬಳು.

ಎಡವುತ್ತಿದ್ದದ್ದು ‘ನೋ’ ಆದಮೇಲೆ. ಅಚ್ಚ ಕನ್ನಡದ ‘ನೋ’, ಸಂಸ್ಕೃತದ ‘ತಾಪ’. ವ್ಯಾಕರಣದವರು ಇಂಥ ಜೋಡಿಗೆ ಅರಿಸಮಾಸ ಅನ್ನುತ್ತಾರೆ, ಅರಿಯೆಂದರೆ ಶತ್ರು. ವೈರಿಗಳಿಬ್ಬರನ್ನು ಒಂದೇ ನೊಗಕ್ಕೆ ಕಟ್ಟಿದವರಾರು? ಅವಳು ಕಪಾಟಿನಿಂದ ಮೊದಲ ಮುದ್ರಣ ಇಳಿಸಿ, ಧೂಳು ಕೊಡವಿ, ‘ನ’ಕಾರ ತೆಗೆದಳು. ನೋತಾಪ ಇರಲಿಲ್ಲ. ‘ಗ’ಕಾರದಲ್ಲಿ ಮಾತ್ರ, ಅಡಗಿದ ಶಾಖಕ್ಕೆ ಹೇಳುವ ಪದದ ಎದುರು, ಒಂದೇ ಸಾಲು: “ಗುಪ್ತೋಷ್ಣ: ನೋತಾಪ.” ಅದರ ಮೇಲಿನ ಸಾಲು ನೋಡಿದಳು. “ಗಾಳಿ: ನೋ. ವಾಯು.” ಕೆಳಗೆ: “ಗುರುತ್ವ: ನೋ. ಭಾರ.”

ನೋ ಚುಕ್ಕೆ. ಎಂದರೆ, ನೋಡಿ.

ತಂಗಿ ಕುರ್ಚಿಗೆ ಒರಗಿದಳು. ತಾಪ ಎಂಬಲ್ಲಿ ನೋಡಿ ಎಂದು ಯಾರೋ ಬರೆದಿದ್ದರು. ಅಷ್ಟೆ. ನೋವೂ ಇಲ್ಲ, ಗೀವೂ ಇಲ್ಲ.

ಖಾತ್ರಿ ಮಾಡಿಕೊಳ್ಳಲು ಅವಳು ಮೊಳೆತಾತನ ಹತ್ತಿರ ಹೋದಳು. ಮೊಳೆತಾತ ಆ ಕಾಲದಲ್ಲಿ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆಗಳನ್ನು ಜೋಡಿಸುತ್ತಿದ್ದವರು. ಪುಟವನ್ನು ಅವರು ಕಣ್ಣಿಂದ ನೋಡಲಿಲ್ಲ. ಹಿಂಬದಿಯಲ್ಲಿ ಹೆಬ್ಬೆರಳು ಆಡಿಸಿದರು.

“ನಂದೇ ಕೆಲಸ. ಎಷ್ಟು ಸಮ ಕೂತಿದೆ ನೋಡು.”

“ಇಲ್ಲೊಂದು ಚುಕ್ಕೆ ಬಿಟ್ಟೋಗಿದೆ ತಾತ.”

“ನಾನು ಬಿಡೋನಲ್ಲ. ಈ ಪದಕೋಶ ಬರೆದ ಪ್ರೊಫೆಸರ ಕೈಬರಹ ಓದೋಕೆ ದೇವರಿಗೂ ಆಗ್ತಿರಲಿಲ್ಲ. ಅದಕ್ಕೇ ಪಕ್ಕದಲ್ಲೊಬ್ಬನ್ನ ಕೂರಿಸಿದ್ರು. ಅವನು ಓದಿದ ಹಾಗೆ ನಾನು ಜೋಡಿಸೋದು. ನೋ ಚುಕ್ಕೆ ಅಂದ್ರೆ ಚುಕ್ಕೆ ಹಾಕ್ತೀನಿ. ನೋತಾಪ ಅಂದ್ರೆ ನೋತಾಪ.”

“ಅರ್ಥ ಏನು ಅಂತ ಕೇಳ್ಲಿಲ್ವಾ?”

“ಅಲ್ಲಮ್ಮಾ, ಅದೊಂದರ ಅರ್ಥ ಮಾತ್ರ ಗೊತ್ತಾಗಿರಲಿಲ್ಲ ಅಂದ್ಕೊಂಡ್ಯಾ? ಇಡೀ ಪುಸ್ತಕದ್ದೇ ಗೊತ್ತಾಗಿರಲಿಲ್ಲ. ಆ ಓದೋನಿಗೆ ಬಾಯಲ್ಲಿ ಯಾವಾಗ್ಲೂ ಕಡಲೆ. ಅಗೀತಾ ಅಗೀತಾ ಓದೋನು. ಕಡಲೆ ಜೊತೆ ಚುಕ್ಕೇನೂ ನುಂಗಿರ್ಬೇಕು.”

ಇಗೋ, ಪದದ ಮೂಲ. ಯಾವ ಋಷಿಯೂ ಅಲ್ಲ, ವಿಜ್ಞಾನಿಯೂ ಅಲ್ಲ. ಬಾಯಿತುಂಬ ಕಡಲೆ ಇದ್ದ ಒಬ್ಬ ಮನುಷ್ಯ.

೫

ಆದರೆ ಅರ್ಥ ಎಲ್ಲಿಂದ ಬಂತು? ಎರಡನೆಯ ಮುದ್ರಣದಲ್ಲಿ ಮಂಜುಗಡ್ಡೆ, ಮಾಪಕ, ‘ನೋಯು’ ಎಂಬ ವ್ಯುತ್ಪತ್ತಿ ಎಲ್ಲ ಇತ್ತಲ್ಲ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರು ಯಾರು?

“ನಾನೇ” ಅಂದರು ಸಂಪಾದಕರು.

ಅಷ್ಟು ಬೇಗ ಒಪ್ಪಿಕೊಂಡಾರೆಂದು ತಂಗಿ ಅಂದುಕೊಂಡಿರಲಿಲ್ಲ. ಅಷ್ಟು ಬೇಗ ಒಪ್ಪಿಕೊಳ್ಳುವವರ ಮೇಲೆ ಅವಳಿಗೆ ನಂಬಿಕೆಯೂ ಇಲ್ಲ.

“ಪುರಾವೆ ಏನಿತ್ತು ಸರ್?”

“ಮೊದಲನೇ ಮುದ್ರಣ.”

“ಅದಕ್ಕೆ ಪುರಾವೆ?”

“ಅದನ್ನ ಕೇಳೋ ವಯಸ್ಸು ನನ್ನದಾಗಿರಲಿಲ್ಲ ಕಣಮ್ಮ. ದೊಡ್ಡವರು ಗುಪ್ತೋಷ್ಣಕ್ಕೆ ನೋತಾಪ ಅಂತ ಬರೆದಿದ್ದಾರೆ, ‘ನ’ಕಾರದಲ್ಲಿ ಆ ಪದವೇ ಇಲ್ಲ, ಕೊರತೆ ತುಂಬಿಸೋಣ ಅಂತ ಕೂತೆ. ಮೂರು ದಿನ ಯೋಚಿಸಿದೆ. ನೋಯೋ ತಾಪ... ಕಾಣದ ತಾಪ... ಆಹಾ ಅನ್ನಿಸ್ತು. ನನ್ನ ಜೀವಮಾನದಲ್ಲಿ ನಾನು ಬರೆದಿರೋ ನಮೂದುಗಳಲ್ಲಿ ಅದೇ ಚಂದದ್ದು.”

“ಅದು ಚುಕ್ಕೆ ತಪ್ಪಿದ್ದು ಸರ್.”

“ಇರ್ಬಹುದು. ಹುಟ್ಟು ಕೇಳಿ ಪದ ಹೊರಗೆ ಹಾಕೋದಾದ್ರೆ ನಿಘಂಟಲ್ಲಿ ಅರ್ಧ ಪುಟ ಖಾಲಿ ಉಳಿಯತ್ತೆ. ಜನ ಆಡ್ತಿದ್ರೆ ಇಡು, ಆಡದಿದ್ರೆ ಹೊಡೆದು ಹಾಕು. ಒಬ್ಬರಿಂದೊಬ್ಬರು ಕಲೀದೇ ಇರೋ ಎರಡು ಬಾಯಿ ಹುಡುಕ್ಕೊಂಡು ಬಾ.” ಕನ್ನಡಕ ಒರೆಸಿಕೊಂಡು ಸೇರಿಸಿದರು: “ನಿಮ್ಮಕ್ಕನ ಬಾಯಿ ಲೆಕ್ಕಕ್ಕಿಲ್ಲ.”

ತಂಗಿ ಅಕ್ಕನ ಸುದ್ದಿಯನ್ನೇ ಎತ್ತಿರಲಿಲ್ಲ.

“ಕಾಗದ ಮೊದಲು ನನ್ನ ಮೇಜಿಗೇ ಬಂದಿತ್ತು” ಅಂದರು ಸಂಪಾದಕರು. “ನಿಮ್ಮಕ್ಕ ಲಾಂಡ್ರೀಲಿರೋದು ಗೊತ್ತು. ನಾನೇ ನಿನ್ನ ಮೇಜಿಗೆ ಹಾಕ್ಸಿದೆ.”

ಸಹಾಯಕ್ಕೋ, ಪರೀಕ್ಷೆಗೋ? ಪದ ಉಳಿದರೆ ಅವರ ಚಂದದ ನಮೂದೂ ಉಳಿಯುತ್ತದೆ, ಅಕ್ಕನ ಮೇಜೂ ಸಿಗುತ್ತದೆ. ಎಲ್ಲರಿಗೂ ಒಳ್ಳೆಯದಾಗುವ ಮಾತನ್ನು ಕಂಡರೆ ತಂಗಿಗೆ ಮೈ ಜುಮ್ಮೆನ್ನುತ್ತದೆ. ಅಂಥ ಮಾತೇ ಹೆಚ್ಚಾಗಿ ಸುಳ್ಳಾಗಿರುವುದು.

೬

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಅಕ್ಕನಿಗೆ ಹೇಳದೆ, ಅವಳು ಲಾಂಡ್ರಿಗೆ ಹೋದಳು. (ಪತ್ತೇದಾರಿ ಕಥೆಯಾಗಿದ್ದರೆ ಇಲ್ಲಿ ಕಪ್ಪು ಕನ್ನಡಕ ಹಾಕಿಸುತ್ತಿದ್ದೆ. ಅವಳ ಕೈಯಲ್ಲಿದ್ದದ್ದು ಊಟದ ಡಬ್ಬಿ.)

ಮಡಿಸುವ ಮೇಜಿನ ಹತ್ತಿರ ಎಲ್ಲರೂ ಗುಂಡಿಯತ್ತೆ ಎಂದು ಕರೆಯುವ ಹಿರಿಯ ಹೆಂಗಸು. ಕಿತ್ತುಬಂದ ಗುಂಡಿಗಳನ್ನೆಲ್ಲ ಆಯ್ದು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾಳೆ, ಅದಕ್ಕೆ ಆ ಹೆಸರು.

“ಅತ್ತೆ, ನೋತಾಪ ಅಂದ್ರೆ ಏನು?”

ಗುಂಡಿಯತ್ತೆ ತಲೆ ಎತ್ತಲಿಲ್ಲ. “ಹಬೇಲಿ ಹತ್ತು ವರ್ಷ ನಿಂತ್ರೆ ಬರೋದು.”

ತಂಗಿ ಮೇಜಿನ ಹತ್ತಿರ ಸರಿದಳು. “ಈ ಮಾತು ನಿಮಗೆ ಯಾರು ಹೇಳಿಕೊಟ್ರು?”

“ಹೇಳಿಕೊಡೋದೇನು ಬಂತು? ನಮ್ಮಮ್ಮ ಅಂತಿದ್ಲು. ಇಟ್ಟಿಗೆ ಗೂಡಲ್ಲಿ ಕೆಲಸ ಅವಳಿಗೆ.”

“ನೋತಾಪ ಅಂತ್ಲೇ ಅಂತಿದ್ರಾ? ನೋವು, ತಾಪ ಅಂತ ಬಿಡಿಸಿ ಅಂತಿದ್ರಾ? ಸರಿಯಾಗಿ ನೆನಪು ಮಾಡ್ಕೊಳ್ಳಿ.”

ಆಗ ಗುಂಡಿಯತ್ತೆ ತಲೆ ಎತ್ತಿ, ಅವಳ ಮುಖವನ್ನೂ ಡಬ್ಬಿಯನ್ನೂ ನೋಡಿದಳು. “ನೀನು ಅವಳ ತಂಗಿ ಅಲ್ವಾ?”

“ಹೂಂ.”

“ಹಂಗಾದ್ರೆ ಹೇಳು ತಾಯಿ. ನಮ್ಮಮ್ಮ ಹೇಗೆ ಅಂತಿದ್ರೆ ನಿಮ್ಮಕ್ಕಂಗೆ ಮೇಜು ಸಿಗತ್ತೆ? ಹಂಗೇ ಅಂತಿದ್ಲು.”

ಸಾಕ್ಷಿ ಸಿಕ್ಕ ಕ್ಷಣದಲ್ಲೇ ಕೆಟ್ಟುಹೋಯಿತು. ಮುದುಕಿಗೆ ತಾಯಿಯ ಮಾತೇ ನೆನಪಿದೆಯೋ, ಅಕ್ಕನ ಮೇಲಿನ ಪ್ರೀತಿಗೆ ಹೇಳಿದಳೋ? ಎರಡನ್ನೂ ಬಿಡಿಸಲು ಎಲ್ಲಿ ಉಸಿರು ತೆಗೆಯಬೇಕು ಎಂದು ಅಪ್ಪ ಹೇಳಿಕೊಟ್ಟಿರಲಿಲ್ಲ.

ಅವಳು ಬಾಗಿಲಿನ ಗಾಜಿಗೆ ಕಣ್ಣಿಟ್ಟಳು. ಅಕ್ಕ ಹೊದಿಕೆ ಹರವಿದಳು. ಹಿಡಿಗೆ ಕೈ ಹಾಕುವ ಮುಂಚೆ ನಿಂತಳು. ಅರೆಗಳಿಗೆ. ಆಮೇಲೆ ಎಳೆದಳು. ಮತ್ತೊಂದು ಹೊದಿಕೆ. ಮತ್ತೆ ಅದೇ ಅರೆಗಳಿಗೆ, ಈಜು ಬಾರದವರು ನೀರಿಗಿಳಿಯುವ ಮೊದಲು ನಿಲ್ಲುವ ಹಾಗೆ. ತಂಗಿ ಹದಿನೇಳು ಹೊದಿಕೆ ಎಣಿಸಿದಳು. ಹದಿನೇಳು ಸಲವೂ ನಿಂತಳು. ತಾನು ನೋಡುತ್ತಿರುವುದು ಅಕ್ಕನಿಗೆ ಗೊತ್ತೇ? ಗೊತ್ತಿದ್ದರೆ ಅದು ನಾಟಕ. ಗೊತ್ತಿಲ್ಲದಿದ್ದರೆ ನಿಜ. ಅಷ್ಟರಲ್ಲಿ ಗಾಜಿನ ಮೇಲೆ ಹಬೆ ಕೂತಿತ್ತು. ಇವಳು ತನ್ನ ಕಡೆಯಿಂದ ಒರೆಸಿದಳು. ಹಬೆ ಆ ಕಡೆಯದು.

೭

ಈಗ ಮುಕ್ತಾಯಗಳು. ಮೂರು ತಂದಿದ್ದೇನೆ, ಆರಿಸಿಕೊಳ್ಳಿ.

ಮುಕ್ತಾಯ ಒಂದು. ‘ಪದ ಇದೆ’ ಎಂದು ತಂಗಿ ಬರೆಯುತ್ತಾಳೆ. ಅಕ್ಕನಿಗೆ ಮೇಜು ಸಿಗುತ್ತದೆ. “ಆಮೇಲೆ?” ಎಂದು ತಂಗಿ ನನ್ನನ್ನೇ ಕೇಳಿದಳು. “ಅವಳು ಫ್ಯಾನಿನ ಕೆಳಗೆ ನಗ್ತಾ ಮಡಿಸೋದು ಕಂಡ ದಿನ ನನಗೆ ಏನನ್ಸತ್ತೆ? ಗುಣ ಆಯ್ತು ಅಂತಾನಾ, ಸಿಕ್ಕಿಬಿದ್ಲು ಅಂತಾನಾ?” ನಾನು ಎರಡನೆಯದನ್ನು ತೆಗೆದೆ.

ಮುಕ್ತಾಯ ಎರಡು. ‘ಇದು ಚುಕ್ಕೆ ಬಿಟ್ಟುಹೋಗಿ ಆದ ಮುದ್ರಣದೋಷ’ ಎಂದು ಬರೆಯುತ್ತಾಳೆ. ಅರ್ಜಿ ವಜಾ. ಸತ್ಯಕ್ಕೆ ಜಯ. ಸತ್ಯ ನಾನೂರು ಹೊದಿಕೆ ಒತ್ತುವುದಿಲ್ಲ ಎಂಬುದೊಂದೇ ತೊಡಕು.

ಮುಕ್ತಾಯ ಮೂರು. ಬೇರೊಬ್ಬ ಡಾಕ್ಟರು ಬಂದು, ಅಕ್ಕನ ರಕ್ತ ಪರೀಕ್ಷೆ ಮಾಡಿಸಿ, ಇದಕ್ಕೆ ಇಂಥದ್ದೊಂದು ದೊಡ್ಡ ಹೆಸರಿದೆ ಅನ್ನುತ್ತಾರೆ. ಅಕ್ಕ ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕಳು. “ಏಳು ತಿಂಗಳು ಎಲ್ಲಿ ಮಲಗಿದ್ರಂತೆ ಈ ಡಾಕ್ಟ್ರು? ನಿಮ್ಮ ಜೇಬಲ್ಲಾ?”

“ಹಾಗಾದರೆ ನೀವೇ ಹೇಳಿ. ನಿಜವಾಗಿಯೂ ನೋಯುತ್ತದೆಯೇ?” ಎಂದು ಕೇಳಿಬಿಟ್ಟೆ. ಬರೆಯುವವನು ಕೇಳಬಾರದ ಪ್ರಶ್ನೆ.

ಅಕ್ಕ ನಗು ನಿಲ್ಲಿಸಿದಳು. “ಬಂದ್ರಾ ನೀವೂ, ಥರ್ಮಾಮೀಟರ್ ಹಿಡ್ಕೊಂಡು.”

೮

ಕೊನೆಗೆ ತಂಗಿ ಕಾಗದ ಬರೆದಳು. ಎರಡು ಸಲ ಬರೆದು ಒಂದನ್ನು ಹರಿದಳು. ಸಂಪಾದಕರು ಓದದೆಯೇ ಸಹಿ ಹಾಕಿದರು. (ಓದದೆಯೋ, ಓದಿಯೂ ಓದದವರಂತೆಯೋ, ನನಗೆ ಕಾಣಲಿಲ್ಲ.) ಅಂಟಿಸಿದ ಲಕೋಟೆಯನ್ನು ಬೆಳಗ್ಗೆ ಅಕ್ಕನ ಕೈಗಿಟ್ಟಳು.

ಅಕ್ಕ ಅದನ್ನು ಚೀಲದೊಳಗಿಟ್ಟು ಚಪ್ಪಲಿ ಮೆಟ್ಟಿದಳು.

“ಏನು ಬರೆದೆ ಅಂತ ಕೇಳಲ್ವಾ?” ಅಂದಳು ತಂಗಿ.

“ಇಲ್ಲ.”

“ಯಾಕೆ?”

“ಕೇಳಿದ್ರೆ ನೀನು ಹೇಳ್ಬೇಕಾಗತ್ತೆ. ಹೇಳಿದ್ರೆ ನಾನು ನಂಬಬೇಕಾಗತ್ತೆ. ಇಷ್ಟು ದಿನ ಆ ಕಷ್ಟ ನೀನು ಪಟ್ಟಿದೀಯ, ಸಾಕು.”

ತಂಗಿ ಬಾಗಿಲಲ್ಲೇ ನಿಂತಳು. ಅಂದರೆ ಅಕ್ಕನಿಗೆ ಎಲ್ಲ ಗೊತ್ತಿತ್ತು. ಕಂಕುಳಲ್ಲಿಟ್ಟ ಥರ್ಮಾಮೀಟರು, ಗಾಜಿನ ಹಿಂದಿನ ಕಣ್ಣು. ಗೊತ್ತಿದ್ದರೆ ಆ ಹದಿನೇಳು ಸಲ... ಅವಳು ಯೋಚನೆಯನ್ನು ಅಲ್ಲಿಗೇ ಹಿಡಿದಳು. ಅದು ಮತ್ತೆ ಜಾರಿತು. ನಾನು ಅವಳ ಕಿವಿಯಲ್ಲಿ, ಲಕೋಟೆಯೊಳಗೆ ಏನಿದೆ ಎಂದು ಕೇಳಿದೆ. ಅವಳು ಬಾಗಿಲು ಹಾಕಿಕೊಂಡಳು, ನನ್ನನ್ನು ಹೊರಗೆ ಬಿಟ್ಟು.

ಹಾಗಾಗಿ ನಾನು ಅಕ್ಕನ ಹಿಂದೆ ನಡೆದೆ.

ಮೇಲ್ವಿಚಾರಕರ ಕೋಣೆ ತಣ್ಣಗಿತ್ತು. ಅವರು ಲಕೋಟೆ ಇಸಿದುಕೊಂಡರು, ಹಿಂದೆ ಮುಂದೆ ತಿರುಗಿಸಿದರು, ಸೀಲನ್ನು ಬೆಳಕಿಗೆ ಹಿಡಿದು ನೋಡಿದರು. ಅವರಿಗೂ ಅನುಮಾನ. ಕನ್ನಡಕಕ್ಕಾಗಿ ಡ್ರಾಯರ್ ಎಳೆಯುತ್ತ, ಯಾರಿಗೆ ಹೇಳುತ್ತಿದ್ದೇನೆಂಬ ಗಮನವಿಲ್ಲದೆ, “ಕೂತ್ಕೊಳ್ಳಿ” ಅಂದರು.

ಹನ್ನೊಂದು ವರ್ಷದಲ್ಲಿ ಆ ಕಟ್ಟಡದೊಳಗೆ ಅಕ್ಕನಿಗೆ ಯಾರೂ ಹೇಳದ ಮಾತು. ಅವಳು ಕುರ್ಚಿಯನ್ನೊಮ್ಮೆ ನೋಡಿ ಕೂತಳು. ಮೊದಲು ಅಂಚಿನಲ್ಲಿ. ಆಮೇಲೆ ಪೂರ್ತಿ ಹಿಂದಕ್ಕೆ ಸರಿದು, ಬೆನ್ನು ಆನಿಸಿ, ಕಾಲು ನೀಡಿದಳು.

ಮೇಲ್ವಿಚಾರಕರಿಗೆ ಕನ್ನಡಕ ಸಿಕ್ಕಿತು. ಅವರ ಬೆರಳು ಲಕೋಟೆಯ ಅಂಚಿನ ಕೆಳಗೆ ಹೋಯಿತು.

“ಅಲ್ಲೇ ನಿಲ್ಸಿ” ಅಂದಳು ಅಕ್ಕ ನನಗೆ, ತುಟಿ ಅಲ್ಲಾಡಿಸದೆ.

“ಒಳಗೇನಿದೆ ಅಂತ ಓದುವವರು ಕಾಯ್ತಿದ್ದಾರೆ.”

“ಕಾಯ್ಲಿ. ಅವರು ಕೂತ್ಕೊಂಡೇ ಓದ್ತಿದಾರಲ್ವಾ?”